ಮೀನಿಗೊಂದು ಸಮುದ್ರ

"ತುದಿ ಬಿಗಿಯಾಗಿ ಹಿಡ್ಕೊಳ್ಳೇ," ಎಂದಳು ಅಮ್ಮ.

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವರದು. ಭಾನುವಾರ ಬಂತೆಂದರೆ ಹೋಟೆಲಿನ ಬಿಳಿ ಚಾದರಗಳ ಗುಡ್ಡವೇ ಬೀಳುತ್ತಿತ್ತು. ಅತ್ತ ಅಮ್ಮ, ಇತ್ತ ಮಗಳು ಚಿನಕುರುಳಿ ನಿಂತು ಮಡಚುತ್ತಿದ್ದರು. ತೂಕಡಿಕೆಯಲ್ಲಿ ಅವಳ ಕೈಯಿಂದ ಚಾದರ ಮತ್ತೆ ಜಾರಿತು.

"ನಿದ್ದೇನೇ ಮಾಡ್ತಿಲ್ಲಮ್ಮ ಇವಳು," ಎಂದ ಇಸ್ತ್ರಿ ಉಜ್ಜುತ್ತಿದ್ದ ಅಣ್ಣ. "ನನ್ನ ಜೊತೆ ಜಪಾನಿ ಕಾರ್ಟೂನ್ ಪಿಕ್ಚರ್ ನೋಡಿದ್ಲಲ್ಲ, ಅದರಲ್ಲಿ ತಲೆಗೆ ಮಷೀನ್ ಸಿಕ್ಕಿಸ್ಕೊಂಡು ಒಬ್ಬರ ಕನಸಿನೊಳಗೆ ಇನ್ನೊಬ್ಬರು ನುಗ್ತಾರೆ. ಇವಳ ಕನಸಿಗೂ ಬರ್ತಾರಂತೆ. ಬಂದ್ರೆ ಗೊರಕೆ ಕೇಳಿ ಓಡಿಹೋಗ್ತಾರೆ ಅಷ್ಟೆ."

ಚಿನಕುರುಳಿಗೆ ನಗು ಬರಲಿಲ್ಲ. ಯಾರು ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಉದ್ದಜಡೆ.

ಉದ್ದಜಡೆ ಅವಳ ಜೀವದ ಗೆಳತಿ. ಬೇರೆ ಊರಿಗೆ ಹೋಗುವಾಗ ತನ್ನ ಕೆಂಪು ಮೀನನ್ನು ಇವಳ ಕೈಗಿಟ್ಟು, "ಮಗು ಥರ ನೋಡ್ಕೋ ಕಣೇ," ಎಂದಿದ್ದಳು. ಗಾಜಿನ ಬೋಗುಣಿಯಲ್ಲಿ ಒಂಟಿಯಾಗಿ ಸುತ್ತುವ ಮೀನನ್ನು ಕಂಡು ಚಿನಕುರುಳಿಯ ಕರುಳು ಚುರುಕ್ಕೆಂದಿತ್ತು. ಪಾಪ, ಅದಕ್ಕೂ ಸಮುದ್ರ ಕಾಣಲಿ ಎಂದು, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಹನಿಸಿದಳು. ಸಂಜೆಯ ಹೊತ್ತಿಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಆಮೇಲೆ ಉದ್ದಜಡೆಯ ಪತ್ರ ಬಂತು. "ಮೀನು ಹೇಗಿದೆ?" ಸ್ವಲ್ಪ ದಿನಕ್ಕೆ ಇನ್ನೊಂದು. "ಯಾಕೆ ಬರೀತಿಲ್ಲ? ನನ್ನ ಮೇಲೆ ಕೋಪಾನಾ?" ಪಟಪಟ ಮಾತಾಡುವ ಚಿನಕುರುಳಿ ಎರಡಕ್ಕೂ ಉತ್ತರ ಬರೆದಿರಲಿಲ್ಲ.

"ಅಮ್ಮಾ, ಕನಸಿನೊಳಗೆ ಬಂದೋರಿಗೆ ಎಲ್ಲಾ ಕಾಣುತ್ತಾ?"

"ನಂಗೇನು ಗೊತ್ತು? ಒಳಗೆ ಬಂದ ಮೇಲೆ ಒಂದು ಕಂಡು ಇನ್ನೊಂದು ಕಾಣ್ದೇ ಇರುತ್ತಾ? ಬರೋರಿಗೆ ಚಾದರ ಮಡಚೋಕೆ ಬರುತ್ತಾ ಕೇಳು, ದಿನಾ ಬರಲಿ."

ಚಿನಕುರುಳಿ ಚಾದರ ಹಿಡಿದು ಹಾಗೇ ನಿಂತಳು. ಸತ್ತ ಮೀನು ಕಾಣುತ್ತದೆ, ಸರಿ. ಅದಕ್ಕೂ ಮೊದಲಿನದು? ಬೋಗುಣಿಗೆ ಮೂಗು ಒತ್ತಿ, "ನೋಡು, ನಿನ್ನ ಸಮುದ್ರ," ಎಂದು ತಾನು ಮೀನಿಗೆ ಹೇಳಿದ್ದು? ಅದನ್ನು ಉದ್ದಜಡೆಗೆ ತೋರಿಸುವ ಮಷೀನ್ ಯಾವ ಅಂಗಡಿಯಲ್ಲೂ ಇಲ್ಲ. ತಾನೇ ಹೇಳಬೇಕು.

ಚಾದರದ ಗುಡ್ಡ ಕರಗಿದ ಮೇಲೆ ಅವಳು ಪತ್ರ ಬರೆಯಲು ಕೂತಳು. ಮೀನು ಸತ್ತದ್ದನ್ನು ಮೊದಲ ಸಾಲಿನಲ್ಲೇ ಬರೆದಳು.

ಉದ್ದಜಡೆ ಮಾತು ಬಿಟ್ಟರೂ ಬಿಡಬಹುದು. ಬೀದಿ ತಿರುವಿನ ಅಂಚೆ ಡಬ್ಬಿಯ ಮುಂದೆ ಚಿನಕುರುಳಿ ಲಕೋಟೆಯ ಅಂಟನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಆಮೇಲೆ ಅದನ್ನು ಒಳಗೆ ತಳ್ಳಿದಳು. ಟಪ್ಪೆಂದು ಬಿದ್ದ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದಳು.