ಇನ್ನೂರ ಹದಿಮೂರು ಫೋನು, ಒಂದೇ ಬೆರಳು

ಜುಲೈ ತಿಂಗಳ ಚಳಿ. ಬುಧವಾರ, ಬೆಳಿಗ್ಗೆ ಹತ್ತೂಕಾಲು.

ನೈರೋಬಿ ಹತ್ತಿರದ ಆತಿ ರಿವರ್ ಊರಿನ ಹಾಸಿಗೆ ಕಾರ್ಖಾನೆಯ ಗೋದಾಮು. ನೆಲದಿಂದ ಹದಿನೈದು ಅಡಿ ಮೇಲೆ, ಫೋಮಿನ ರಾಶಿಯ ತುದಿಯಲ್ಲಿ ಅಂಗಾತ ಬಿದ್ದಿದ್ದೆ. ಎದೆಯ ಮೇಲೆ ಮಕೋಖಾನ ಮೊಣಕಾಲು. ಅವನ ಕೈಯಲ್ಲಿ ಫೋಮ್ ಕೊಯ್ಯುವ ಚೂರಿ.

ಮೊಳದುದ್ದದ್ದು.

"ಅಜ್ಜ, ನನ್ ಹೆಸರು ಬರೆಸಿದ್ಯಾ?"

"ಇಲ್ಲ."

"ಬರೆಸ್ತೀಯಾ?"

"ಮೊಣಕಾಲು ತೆಗಿ. ಉಸಿರಾಡಿ ಹೇಳ್ತೀನಿ."

ತೆಗೆಯಲಿಲ್ಲ.

ಮಕೋಖಾ ಕೆಟ್ಟವನಲ್ಲ. ಆರೂವರೆ ಅಡಿ ಎತ್ತರದ ಆಳು, ಕೊಯ್ಯುವ ವಿಭಾಗಕ್ಕೆ ಅವನೇ ಹಿರಿಯ. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಬರುವ ಶುಕ್ರವಾರ ಅವನಿಗೆ ಕಾಯಂ ಪತ್ರ ಸಿಗುವುದಿತ್ತು. ಆ ಪತ್ರಕ್ಕೂ ಅವನಿಗೂ ನಡುವೆ ನಾನೊಬ್ಬ ಅಡ್ಡ ನಿಂತಿದ್ದೇನೆಂದು ಅವನು ತಿಳಿದಿದ್ದ. ಒಂಬತ್ತು ವರ್ಷ ಕಾದವನ ಮೊಣಕಾಲು ಎಷ್ಟು ಭಾರ ಎಂದು ನನ್ನ ಪಕ್ಕೆಲುಬನ್ನು ಕೇಳಿ.

ಇದು ಇಲ್ಲಿಗೆ ಬಂದದ್ದು ಹೇಗೆಂದರೆ...

ನನ್ನ ಹೆಸರು ಮುಲಾಂಡಿ. ಓದಿದ್ದು ಮೂರನೇ ಕ್ಲಾಸು. ಇಪ್ಪತ್ತಾರು ವರ್ಷ ರೈಲ್ವೆ ಅಂಗಳದಲ್ಲಿ ಕಳ್ಳರನ್ನು ಹಿಡಿದೆ. ಆಮೇಲೆ ಹನ್ನೊಂದು ವರ್ಷ ಈ ಕಾರ್ಖಾನೆಯ ಗೇಟು ಕಾದೆ. ಕಂಪನಿಯ ನೌಕರನಲ್ಲ, ಕಾವಲು ಏಜೆನ್ಸಿಯವನು. ಒಮ್ಮೆ ಕಿವಿಗೆ ಬಿದ್ದದ್ದು ಮರೆಯುವುದಿಲ್ಲ. ನನಗಿರುವ ವಿದ್ಯೆ ಅದೊಂದೇ.

ಫೋಮಿಗೆ ಒಂದು ಕಿಡಿ ಸಾಕು. ಅದಕ್ಕೇ ಒಳಗೆ ಯಾರೂ ಫೋನ್ ಒಯ್ಯುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋಗುವಾಗ ನನ್ನ ಕೈಗೆ ಕೊಡಬೇಕು, ಸಂಜೆ ಐದಕ್ಕೆ ಹೊರಡುವಾಗ ಪಡೆಯಬೇಕು. ಗೇಟಿನ ಕೋಣೆಯ ಗೋಡೆ ತುಂಬ ಪಾರಿವಾಳದ ಗೂಡಿನಂಥ ಮರದ ಖಾನೆಗಳು. ಒಟ್ಟು ಇನ್ನೂರ ಹದಿಮೂರು. ಕೆಲಸದವರವು ಇನ್ನೂರ ಹನ್ನೆರಡು. ಮೊದಲನೆಯದು ಮ್ಯಾನೇಜರ್ ಗಥೋಗೊ ಅವರದು.

ಜನವರಿಯಲ್ಲಿ ನೈರೋಬಿಯ ಹೆಡ್ ಆಫೀಸು ಈ ಫೋನುಗಳ ಒಳಕ್ಕೆ ಒಬ್ಬ ಮೇಷ್ಟ್ರನ್ನು ಕಳಿಸಿತು. ಮನುಷ್ಯನಲ್ಲ, ಸಾಫ್ಟ್‌ವೇರು. ಜನ ಮೇಷ್ಟ್ರು ಎಂದು ಕರೆದರು. ಹತ್ತು ಪಾಠ, ಪಾಠಕ್ಕೊಂದು ಪರೀಕ್ಷೆ. ಯಾರು ಎಷ್ಟು ಕಲಿತರು, ಯಾರಲ್ಲಿ ಪ್ರತಿಭೆ ಇದೆ, ಯಾರನ್ನು ಮೇಲಕ್ಕೆ ಏರಿಸಬೇಕು, ಯಾರನ್ನು ಮನೆಗೆ ಕಳಿಸಬೇಕು... ಎಲ್ಲವನ್ನೂ ಮೇಷ್ಟ್ರೇ ಹೇಳುತ್ತಾರೆ. ಪಾಠ ಮುಗಿಸದವರ ಹೆಸರು ಕೆಂಪಾಗುತ್ತದೆ. ಕೆಂಪಾದವರ ಗುತ್ತಿಗೆ ಮುಂದುವರಿಯುವುದಿಲ್ಲ.

ಆ ಪಾಠ ತೆರೆಯುವುದು ಕೆಲಸದ ಹೊತ್ತಿನಲ್ಲಿ ಮಾತ್ರ.

ಕೆಲಸದ ಹೊತ್ತಿನಲ್ಲಿ ಫೋನು ನನ್ನ ಖಾನೆಯಲ್ಲಿ.

ಇಷ್ಟನ್ನು ನೈರೋಬಿಯಲ್ಲಿ ಯಾರೂ ಯೋಚಿಸಿರಲಿಲ್ಲ.

ಮೊದಲು ಬಂದವನು ಮಕೋಖಾ. "ಅಜ್ಜ, ಹೆಂಗೂ ನಿನ್ ಹತ್ರಾನೇ ಇರುತ್ತೆ. ಅದು ಕೂಗಿದಾಗ ಒಂದ್ಸಲ ಒತ್ತಿಬಿಡು. ಯಾರಿಗೂ ಹೇಳ್ಬೇಡ."

ಒತ್ತಿದೆ.

ಆಮೇಲೆ ಹೊಲಿಗೆ ವಿಭಾಗದ ಮುತೇವು ಬಂದಳು. "ಮುಲಾಂಡಿ ಅಣ್ಣಾ, ನಿಮ್ಮ ದಮ್ಮಯ್ಯ, ನಂದೊಂದು ನೋಡಿ. ಯಾರಿಗೂ ಹೇಳ್ಬೇಡಿ."

ಅದನ್ನೂ ಒತ್ತಿದೆ.

ಹೀಗೇ ಒಬ್ಬೊಬ್ಬರು. ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ಈ ಉಪಕಾರ ತಮಗೊಬ್ಬರಿಗೇ ಎಂದುಕೊಂಡಿದ್ದರು. ಯಾರಿಗೂ ಹೇಳಬೇಡ ಎಂದಿದ್ದರು. ನಾನು ಹೇಳಲಿಲ್ಲ.

ಮಾರ್ಚ್ ಎರಡನೇ ಮಂಗಳವಾರ ಗಥೋಗೊ ಅವರೂ ಕಾರಿನ ಕಿಟಕಿ ಇಳಿಸಿದರು. "ಮುಲಾಂಡಿ, ನಂದೂ ಸ್ವಲ್ಪ ನೋಡ್ಕೊ. ನಮ್ಮಿಬ್ರಲ್ಲೇ ಇರ್ಲಿ." ಅವರಿಗೆ ಒಂದು ಪಾಠ ಜಾಸ್ತಿ. ಮ್ಯಾನೇಜರುಗಳಿಗೆಂದೇ ಮಾಡಿದ ಹನ್ನೊಂದನೆಯದು.

ಮೇಷ್ಟ್ರು ಸ್ವಾಹಿಲಿಯಲ್ಲಿ ಓದಿ ಹೇಳುತ್ತಿದ್ದರು. ಮಧ್ಯಾಹ್ನ ಎರಡರಿಂದ ನಾಲ್ಕು ಲಾರಿ ಬರದ ಹೊತ್ತು. ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಮೊದಲ ಪಾಠದಲ್ಲಿ ಏಳು ಸಲ ಫೇಲಾದೆ. ಮೇಷ್ಟ್ರು ಬೇಸರಪಡಲಿಲ್ಲ, ನಾನೂ ಪಡಲಿಲ್ಲ. ಅಲ್ಲಿಂದ ಮುಂದೆ ಒಂದು ತಪ್ಪೂ ಆಗಲಿಲ್ಲ. ಒಂದೇ ಪಾಠ ಇನ್ನೂರು ಸಲ ಕೇಳಿದರೆ ಗೋಡೆಗೂ ಬರುತ್ತದೆ.

ಆರು ತಿಂಗಳು ಯಾರಿಗೂ ತೊಂದರೆ ಇರಲಿಲ್ಲ.

ಈ ಸೋಮವಾರ ನೈರೋಬಿಯಿಂದ ಚೆಲಗಾತ್ ಬಂದಳು. ಹೆಡ್ ಆಫೀಸಿನ ತಪಾಸಣೆಯವಳು, ಮೂವತ್ತರ ಆಸುಪಾಸು. ನಗು ಕಮ್ಮಿ. ಗಥೋಗೊ ನನ್ನನ್ನು ಆಫೀಸಿಗೆ ಕರೆಸಿದರು.

"ಇವರು ಮುಲಾಂಡಿ," ಎಂದರು ಅವಳಿಗೆ. "ಕಳ್ಳನ್ನ ಹಿಡಿಯೋದ್ರಲ್ಲಿ ಇವರನ್ನ ಬಿಟ್ರೆ ಇಲ್ಲ."

ಚೆಲಗಾತ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ನೋಡಿ ಅಜ್ಜ. ಪ್ರತಿಯೊಬ್ಬರಿಗೂ ನೂರಕ್ಕೆ ನೂರು. ಪ್ರತಿಯೊಬ್ಬರೂ ಕಲಿತಿರೋದು ಎರಡರಿಂದ ನಾಲ್ಕರೊಳಗೆ. ಎಲ್ಲರನ್ನೂ ನಾಯಕರು ಮಾಡಿ ಅಂತ ಸಿಸ್ಟಮ್ ಹೇಳ್ತಿದೆ. ಇನ್ನೂರ ಹದಿಮೂರು ಜನ ನಾಯಕರಾದ್ರೆ ಹಾಸಿಗೆ ಹೊಲಿಯೋರು ಯಾರು?"

"ಅದೂ ನಿಜವೇ, ತಾಯಿ."

"ಇದರ ಹಿಂದೆ ಯಾವನೋ ಒಬ್ಬ ಇದಾನೆ. ಶುಕ್ರವಾರ ಸಂಜೆಯೊಳಗೆ ನನಗೆ ಅವನ ಹೆಸರು ಬೇಕು. ಸಿಗದಿದ್ರೆ ಅಷ್ಟೂ ಜನರ ಗುತ್ತಿಗೆ ರದ್ದು."

"ಮುಲಾಂಡಿ ಹಿಡೀತಾರೆ," ಎಂದರು ಗಥೋಗೊ. "ಹಿಡೀದೇ ಎಲ್ಲಿಗೆ ಹೋಗ್ತಾರೆ."

ಮೂವತ್ತೇಳು ವರ್ಷದ ನನ್ನ ಕಸುಬಿನಲ್ಲಿ ಇಷ್ಟು ಸುಲಭದ ಕೇಸು ಸಿಕ್ಕಿರಲಿಲ್ಲ.

ಇಷ್ಟು ಕಷ್ಟದ್ದೂ ಸಿಕ್ಕಿರಲಿಲ್ಲ.

ಸುದ್ದಿ ಮಧ್ಯಾಹ್ನದ ಊಟಕ್ಕೇ ಹಬ್ಬಿತು. ಮಂಗಳವಾರದಿಂದ ಒಬ್ಬೊಬ್ಬರೇ ಕದ್ದುಮುಚ್ಚಿ ಬರತೊಡಗಿದರು. ಮುತೇವು ಒಂದು ಕೈಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ ಬನ್ನು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಬಟ್ಟೆ ಕತ್ತರಿ.

"ಅಣ್ಣಾ, ತಿನ್ನಿ."

"ಕತ್ತರಿ ಯಾಕಮ್ಮ?"

"ಮರೆತು ತಂದೆ. ತಿನ್ನಿ ನೀವು."

ತಿಂದೆ. ಒಂದು ಕಣ್ಣು ಕತ್ತರಿಯ ಮೇಲೇ ಇತ್ತು. ಆ ದಿನ ನನಗೆ ಮೂವತ್ತೊಂದು ಮಂದಾಜಿ ಬಂದವು, ಹದಿನಾಲ್ಕು ಬೆದರಿಕೆ ಬಂದವು. ಕೆಲವರು ಎರಡನ್ನೂ ತಂದರು.

ಬುಧವಾರ ಮಕೋಖಾ ಮಂದಾಜಿ ತರಲಿಲ್ಲ. ಗೋದಾಮಿನಲ್ಲಿ ಲೆಕ್ಕಕ್ಕೆ ಸಿಗದ ಹಾಸಿಗೆ ಇದೆ, ಬಂದು ನೋಡು ಎಂದು ಕರೆದ. ಮೇಲೆ ಹತ್ತಿಸಿದ.

ಉಳಿದದ್ದು ನಿಮಗೆ ಗೊತ್ತು. ಮೊಣಕಾಲು... ಚೂರಿ...

ಅರವತ್ತನಾಲ್ಕು ವರ್ಷದ ಮೈಯಲ್ಲಿ ಇನ್ನೂ ಒಂದೆರಡು ವರಸೆ ಉಳಿದಿರುತ್ತವೆ. ಬಲಕ್ಕೆ ಹೊರಳಿದೆ. ಫೋಮು ಕುಸಿಯಿತು, ಮಕೋಖಾನ ಮೊಣಕಾಲು ಜಾರಿತು. ಎದ್ದು ಓಡಿದೆ.

ಫೋಮಿನ ಮೇಲೆ ಓಡುವುದು ಓಡಿದ ಹಾಗೆ ಅಲ್ಲ. ಒಂದು ಹೆಜ್ಜೆ ಇಟ್ಟರೆ ಮೊಣಕಾಲಿನವರೆಗೆ ಇಳಿಯುತ್ತೀರಿ, ಆಮೇಲೆ ಅದೇ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ನಾನು ಮುಂದೆ ಎಗರುತ್ತಿದ್ದೆ. ಅವನು ಹಿಂದೆ ಎಗರುತ್ತಿದ್ದ. ನಾನು ಮೇಲಿದ್ದಾಗ ಅವನು ಕೆಳಗೆ, ಅವನು ಮೇಲಿದ್ದಾಗ ನಾನು ಕೆಳಗೆ.

"ನಿಲ್ಲು ಅಜ್ಜ."

"ನೀನು ನಿಲ್ಲು."

"ನಿಲ್ಲಕ್ಕಾಗ್ತಿಲ್ಲ."

ರಾಶಿ ಮುಗಿಯಿತು. ಕೆಳಗೆ ದಿಂಬಿಗೆ ತುಂಬುವ ಚೂರು ಫೋಮಿನ ದೊಡ್ಡ ತೊಟ್ಟಿ. ಅದರಾಚೆ ಇಬ್ಬರು ಮಲಗುವ ಹಾಸಿಗೆಗಳ ಅಟ್ಟಿ. ನಾನು ಹಗುರ, ಹಾಸಿಗೆಯವರೆಗೆ ಹಾರಿದೆ. ಅವನು ತೊಟ್ಟಿಯವರೆಗೆ ಮಾತ್ರ ಹಾರಿದ. ಕತ್ತಿನವರೆಗೆ ಹೂತುಹೋದ.

ಕೊಸರಾಡಿದ. ಕೊಸರಾಡಿದಷ್ಟೂ ಇಳಿದ.

"ಅಜ್ಜ... ಕೈ ಕೊಡು."

"ಚೂರಿ ಎಲ್ಲಿ?"

"ಒಳಗೆಲ್ಲೋ ಬಿತ್ತು."

ಕೈ ಕೊಟ್ಟೆ. ಮೈ ತುಂಬ ಬಿಳಿ ಚೂರು ಮೆತ್ತಿಕೊಂಡು, ಕೋಳಿ ಪುಕ್ಕ ಕಿತ್ತವನ ಹಾಗೆ ಅಂಚಿನಲ್ಲಿ ಕೂತ. ಕಣ್ಣು ಒದ್ದೆಯಾಗಿತ್ತು.

"ಒಂಬತ್ತು ವರ್ಷ, ಅಜ್ಜ."

"ಗೊತ್ತು. ನೀನು ಸೇರಿದ ದಿನ ಹರಿದ ಹಸಿರು ಅಂಗಿ ಹಾಕ್ಕೊಂಡು ಬಂದಿದ್ದೆ. ನಿನ್ನ ಹೆಸರು ನನ್ನ ಬಾಯಿಂದ ಬರೋದಿಲ್ಲ. ಹೋಗು."

"ಮತ್ತೆ ಯಾರ ಹೆಸರು ಹೇಳ್ತೀಯ?"

ಅವನ ಬೆನ್ನಿನ ಫೋಮು ಕೊಡವಿದೆ. ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಿದರೆ ನನ್ನ ಗೇಟು ಹೋಗುತ್ತದೆ. ಹೇಳದಿದ್ದರೆ ಇವರೆಲ್ಲ ಹೋಗುತ್ತಾರೆ.

ಗುರುವಾರ ಇಡೀ ದಿನ ಚೆಲಗಾತ್ ಗೇಟಿನ ಕೋಣೆಯಲ್ಲಿ ಕೂತು ಚಹಾ ಕುಡಿದಳು. ಖಾನೆಗಳನ್ನು ನೋಡಿದಳು. ನನ್ನನ್ನೂ ನೋಡಿದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ಹೇಳದೆ, ಬೆಂಕಿಯ ಗಂಟೆ ಒತ್ತಿದಳು.

ಪಾಠ ನಾಲ್ಕು, ಬೆಂಕಿ. ಮೇನ್ ಸ್ವಿಚ್ ಆರಿಸಬೇಕು. ಹಿಂಬಾಗಿಲಿನಿಂದ ಸಾಲಾಗಿ ಹೊರಡಬೇಕು. ಜಾಲಿ ಮರದ ಕೆಳಗೆ ನಿಲ್ಲಬೇಕು. ಗೋದಾಮಿನೊಳಗೆ ಯಾವ ಕಾರಣಕ್ಕೂ ಕಾಲಿಡಬಾರದು. ಅಷ್ಟೂ ಜನಕ್ಕೆ ಇದರಲ್ಲಿ ನೂರಕ್ಕೆ ನೂರು.

ಗಂಟೆ ಹೊಡೆಯಿತು. ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ.

ಆಮೇಲೆ ಓಡಿದರು. ಸ್ವಿಚ್ ಆರಿಸಲಿಲ್ಲ. ಜಾಲಿ ಮರ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಬೆಂಕಿ ಬಿದ್ದರೆ ಮೊದಲು ಉರಿಯುವ ಗೋದಾಮಿನ ನಡುವೆ ನುಗ್ಗಿ, ಹಾಸಿಗೆ ಹಾರಿ, ಒಬ್ಬರ ಮೇಲೊಬ್ಬರು ಬಿದ್ದು, ನೇರ ನನ್ನ ಗೇಟಿಗೆ ಬಂದರು.

ಕಿಟಕಿಯೊಳಗೆ ಕೈಗಳು ನುಗ್ಗಿದವು.

"ಫೋನ್ ಕೊಡು ಅಜ್ಜ, ಬೇಗ."

"ಯಾಕೆ?"

"ಬೆಂಕಿ ಬಿದ್ರೆ ಏನ್ ಮಾಡ್ಬೇಕು ಅಂತ ಅದ್ರಲ್ಲಿದೆ."

ಎಲ್ಲರಿಗಿಂತ ಮುಂದೆ ಇದ್ದವರು ಗಥೋಗೊ. ಟೈ ಹೆಗಲ ಮೇಲಿತ್ತು. "ಒಂದನೇ ಖಾನೆ, ಮುಲಾಂಡಿ, ಒಂದನೇ ಖಾನೆ..."

ಹಿಂದಿನಿಂದ ಮುತೇವು ಕೂಗಿದಳು. "ನಂದು ಮೊದ್ಲು ಕೊಡಿ ಅಣ್ಣಾ. ನನ್ ಪಾಠ ನೀವೇ ತಾನೆ ಮಾಡಿದ್ದು, ನಂಗೇನೂ ಗೊತ್ತಿಲ್ಲ."

ಗದ್ದಲ ನಿಂತಿತು.

ಮಕೋಖಾ ಮೆಲ್ಲಗೆ ಅವಳ ಕಡೆ ತಿರುಗಿದ. "ನಿಂದೂನಾ?"

"ಅಂದ್ರೆ... ನಿಂದೂನಾ?"

ಒಬ್ಬರು ಇನ್ನೊಬ್ಬರ ಕಡೆ ತಿರುಗಿದರು. ಇನ್ನೊಬ್ಬರು ಮತ್ತೊಬ್ಬರ ಕಡೆ. ಕೊನೆಗೆ ಎಲ್ಲರೂ ಗಥೋಗೊ ಅವರ ಕಡೆ. ಅವರು ಟೈ ಸರಿಮಾಡಿಕೊಂಡರು.

"ನಂದು ಮಾತ್ರ ಅಂದ್ಕೊಂಡಿದ್ದೆ," ಎಂದರು ಸಣ್ಣ ದನಿಯಲ್ಲಿ.

ಚೆಲಗಾತ್ ಗಂಟೆ ನಿಲ್ಲಿಸಿ ಬಂದಳು. ಪುಸ್ತಕ ತೆರೆದಳು.

"ಅಜ್ಜ, ಇವತ್ತು ಶುಕ್ರವಾರ. ಹೆಸರು?"

"ಬರ್ಕೊಳ್ಳಿ ತಾಯಿ. ಮುಲಾಂಡಿ."

ಬರೆದುಕೊಂಡಳು. "ಒಂದು ಹೆಸರು ಕೇಳಿದ್ದೆ, ಸಿಕ್ತು. ಇವರ ಗುತ್ತಿಗೆ, ಕಾಯಂ ಪತ್ರ ಎಲ್ಲ ಹಾಗೇ ಇರುತ್ತೆ. ಅಂಕ ಎಲ್ಲ ಸೊನ್ನೆ. ಇನ್ನೊಂದು ತಿಂಗಳಲ್ಲಿ ನಿಜವಾಗಿ ಕಲೀಬೇಕು." ಪುಸ್ತಕ ಮುಚ್ಚಿದಳು. ಮತ್ತೆ ತೆರೆದಳು. "ಅವರಿಗೆ ಕಲಿಸೋರು ಒಬ್ಬರು ಬೇಕು. ನೀವು ಕಲಿಸ್ತೀರಾ? ಕಂಪನಿಯ ನೌಕರರಾಗಿ."

ಮೂರನೇ ಕ್ಲಾಸಿನವನಿಗೆ ಮೇಷ್ಟ್ರ ಕೆಲಸ. ಕೋಣೆಯ ಚಿಲಕ ಹಿಡಿದುಕೊಂಡು ನಿಂತೆ.

"ಆದರೆ ನಿಮ್ಮ ಹೆಸರಲ್ಲಿ ಹತ್ತೂ ಪರೀಕ್ಷೆ ಪಾಸಾಗ್ಬೇಕು. ನಿಯಮ."

"ಅದೇನು ಮಹಾ, ತಾಯಿ."

ಅವಳ ಕಂಪ್ಯೂಟರಿನ ಮುಂದೆಯೇ ಕೂತೆ. ಬದುಕಿನಲ್ಲಿ ಮೊದಲ ಸಲ ನನ್ನ ಹೆಸರಿನಲ್ಲಿ ಒತ್ತಿದೆ. ಎರಡು ಗಂಟೆ ಹಿಡಿಯಿತು. ಹತ್ತೂ ಪಾಠದಲ್ಲಿ ಒಂದು ತಪ್ಪಿಲ್ಲ.

ಪರದೆ ಕೆಂಪಾಯಿತು.

ಚೆಲಗಾತ್ ಓದಿದಳು. ಇನ್ನೊಮ್ಮೆ ಓದಿದಳು. ನೈರೋಬಿಗೆ ಫೋನ್ ಮಾಡಿ ಅರ್ಧ ಗಂಟೆ ಜಗಳವಾಡಿದಳು. ಕೊನೆಗೆ ನನ್ನ ಎದುರು ಕೂತಳು.

"ನಿಮ್ಮ ಉತ್ತರ ಎಲ್ಲಾ ಇವರ ಉತ್ತರದ ಥರಾನೇ ಇದೆಯಂತೆ, ಅಜ್ಜ. ಇವರಿಂದ ನೀವು ನಕಲು ಹೊಡೆದಿದ್ದೀರಿ ಅಂತ ಬಂದಿದೆ. ಯಾವ ಸೇವೆಗೂ ಅನರ್ಹ, ಗೇಟಿಗೂ. ಸಿಸ್ಟಮ್ ಹೇಳಿದ್ಮೇಲೆ ಮುಗೀತು ಅಂತಾರೆ ಅಲ್ಲಿ."

"ಯಾರಿಂದ ಹೊಡೆದೆನಂತೆ?"

"ಮೊದಲನೇ ಹೆಸರು ಮಕೋಖಾ."

ನಕ್ಕೆ. ಅವಳು ನಗಲಿಲ್ಲ. ಎದ್ದು ನಿಂತು ಎರಡೂ ಕೈಯಲ್ಲಿ ನನ್ನ ಕೈ ಹಿಡಿದಳು.

ಸಂಜೆ ಐದಕ್ಕೆ ಎಲ್ಲರ ಫೋನು ಎಲ್ಲರಿಗೂ ಕೊಟ್ಟೆ. ಖಾನೆಗಳು ಖಾಲಿಯಾದವು. ಟಾರ್ಚು, ಛತ್ರಿ, ಚಹಾದ ಮಗ್ಗು ಚೀಲಕ್ಕೆ ಹಾಕಿಕೊಂಡೆ. ಗೇಟಿನ ಹೊರಗೆ ಮಕೋಖಾ ನಿಂತಿದ್ದ. ಜೇಬಿನಿಂದ ಕಾಯಂ ಪತ್ರದ ತುದಿ ಕಾಣುತ್ತಿತ್ತು. ತಲೆಯಲ್ಲಿ ಇನ್ನೂ ಒಂದೆರಡು ಫೋಮಿನ ಚೂರು.

"ಅಜ್ಜ, ಹೋಗೋಕ್ ಮುಂಚೆ ಆ ನಾಲ್ಕನೇ ಪಾಠ ಹೇಳು."

ಹೇಳಿದೆ. ಸ್ವಿಚ್ಚು, ಹಿಂಬಾಗಿಲು, ಜಾಲಿ ಮರ. ಅವನ ತುಟಿ ನನ್ನ ಜೊತೆ ಅಲುಗುತ್ತಿತ್ತು. ಮೂರನೇ ಸಲಕ್ಕೆ ಅವನೇ ತಪ್ಪಿಲ್ಲದೆ ಹೇಳಿದ. ಪಕ್ಕದಲ್ಲಿ ಮುತೇವು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕತ್ತರಿ ಇರಲಿಲ್ಲ.

ನಾನು ಹೊರಟದ್ದು ಜುಲೈ ಮೂವತ್ತೊಂದು, ಶುಕ್ರವಾರ. ಬೇರೆ ಯಾರೂ ಹೋಗಲಿಲ್ಲ.

ಮಟಾಟು ವ್ಯಾನು ಹತ್ತಿ ಕೂತ ಮೇಲೆ ಮ್ಯಾನೇಜರುಗಳ ಆ ಹನ್ನೊಂದನೇ ಪಾಠ ನೆನಪಿಗೆ ಬಂತು. ಕೊನೆಯ ಪ್ರಶ್ನೆ: ಪ್ರತಿಭಾವಂತನೊಬ್ಬ ಕಂಪನಿ ಬಿಟ್ಟು ಹೋಗದಂತೆ ಉಳಿಸಿಕೊಳ್ಳುವುದು ಹೇಗೆ?

ಅದರಲ್ಲಿ ಗಥೋಗೊ ಅವರಿಗೆ ನೂರಕ್ಕೆ ನೂರು ಬಂದಿತ್ತು.