ಹಮ್ಮಾಮಿನ ಬಿಸಿಗಲ್ಲು

ಖಾನಾಪುರದ ಕಟ್ಟಿಗೆ ವ್ಯಾಪಾರಿ ಸತ್ಯಪ್ಪ ಮಗಳು ಕುಮುದಿನಿಯ ನಿಶ್ಚಯಕ್ಕೆ ಸೀರೆ ತರಲೆಂದು ಬೆಳಗಾವಿಗೆ ಬಂದಿದ್ದ. ಈಗ ಅವನ ಹೆಣವನ್ನು ತಣ್ಣೀರಿನ ತೊಟ್ಟಿಯಿಂದ ಎತ್ತಿ ಚಾಪೆಯ ಮೇಲೆ ಮಲಗಿಸಿದ್ದರು. ಕೋಟೆಯ ಹತ್ತಿರದ ಆ ಹಮ್ಮಾಮಿನ, ಅಂದರೆ ಉಗಿಸ್ನಾನದ ಮನೆಯ, ಮುಂದೆ ಜನ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಮಾಲೀಕ ಕಾಸಿಮಸಾಬನ ರಟ್ಟೆಯನ್ನು ಫೌಜದಾರ ಬಿಗಿಯಾಗಿ ಹಿಡಿದಿದ್ದ.

ಪತ್ತೇದಾರ ಗುರುಪುತ್ರಪ್ಪನವರ ಬೆನ್ನಹಿಂದೆಯೇ ಅವರ ಸಹಾಯಕ ಸಿದರಾಯ ಒಳಗೆ ಬಂದ. ಎಷ್ಟೋ ವರ್ಷ ಅವರ ಜೊತೆ ತಿರುಗಿದ್ದರೂ ಹೆಣ ನೋಡುವ ಧೈರ್ಯ ಮಾತ್ರ ಆ ಪುಣ್ಯಾತ್ಮನಿಗೆ ಇನ್ನೂ ಬಂದಿರಲಿಲ್ಲ.

"ಹೊಸಬರಿಗೆ ಏನೂ ಹೇಳದ ಒಳಗ ಬಿಟ್ಟಾನ್ರೀ ಇಂವ," ಎಂದ ಸತ್ತವನ ಸೋದರಳಿಯ ಅವಧೂತ, ಎಲೆಯಡಿಕೆ ಸಂಚಿಯನ್ನು ಕಂಕುಳಿಗೆ ಒತ್ತಿಕೊಂಡು. "ಬಿಸಿ ಖೋಲಿಯೊಳಗ ಇದ್ದವರು ನಾವಿಬ್ಬರೇ. ನಿಂತ ಮಾತಾಡಾಕತ್ತಿದ್ವಿ. ಸೆಕಿ ತಡೀಲಾರದ ಮಾಮಾ ನಗಕೋತ ಓಡಿ ತಣ್ಣೀರಿಗೆ ಜಿಗದಾ. ಅಲ್ಲೇ ಎದಿ ನಿಂತಿತು."

"ಖುದಾನ ಆಣಿ, ಎಲ್ಲಾ ಹೇಳಿದ್ದೆ ಸಾಹೇಬ್ರ!" ಕಾಸಿಮಸಾಬ ಗೋಗರೆದ. "ಅಪ್ಪ ಕಟ್ಟಿಸಿದ ಹಮ್ಮಾಮು. ನಾ ಜೇಲಿಗೆ ಹೋದ್ರ ಇದಕ್ಕ ಬೀಗ ಬೀಳ್ತದ್ರೀ."

ಗುರುಪುತ್ರಪ್ಪನವರು ಹೆಣವನ್ನು ಮಗ್ಗುಲಾಗಿಸಿದರು. ಬೆನ್ನ ಕಡೆ, ಬೆಳ್ಳಿ ಉಡದಾರದ ಕೆಳಗೆ, ಗುಳ್ಳೆ ಎದ್ದ ಕೆಂಪು ಗೆರೆ ಇತ್ತು. ತುಟಿಯ ಮೇಲೆ ಎಲೆಯಡಿಕೆಯ ಬಣ್ಣವಿತ್ತು.

"ಕಾಸಿಮಸಾಬ, ನಮ್ಮ ಸಿದರಾಯಾ ಹಮ್ಮಾಮು ಕಂಡಾವ ಅಲ್ಲ. ಇವಂಗ ಸ್ನಾನಾ ಮಾಡಸು. ಹೊಸಬರಿಗೆ ಏನೇನು ಹೇಳ್ತಿ, ಎಲ್ಲಾ ಹೇಳು."

ಸಿದರಾಯನ ಜೀವ ಬಾಯಿಗೆ ಬಂತು. ಆದರೆ ಕಾಸಿಮಸಾಬನ ಮುಖ ನೋಡಿ ಒಲ್ಲೆ ಎನ್ನಲಾಗಲಿಲ್ಲ.

ಫೌಜದಾರ ರಟ್ಟೆ ಬಿಟ್ಟ. ಕಾಸಿಮಸಾಬ ಸಿದರಾಯನಿಗೆ ಲುಂಗಿ ಸುತ್ತಿದ. "ಮೊದಲ ಬಾಯಿ ಮುಕ್ಕಳಸ್ರಿ. ಎಲಿ ಹಾಕ್ಕೊಂಡು ಯಾರನ್ನೂ ನಾ ಒಳಗ ಬಿಡಾಂಗಿಲ್ಲ." ಬೆಚ್ಚನೆಯ ಖೋಲಿಯಲ್ಲಿ ಬೆವರು ಒಡೆಯುವ ತನಕ ಕೂರಿಸಿದ. ಆಮೇಲೆ ಬಿಸಿ ಖೋಲಿ. ನಡುವೆ ಹಾಸುಗಲ್ಲು, ಅದರಡಿಯಲ್ಲಿ ಬೆಂಕಿ. ಉಗಿಗೆ ಸಿದರಾಯನಿಗೆ ಉಸಿರು ಕಟ್ಟಿದಂತಾಯಿತು.

"ಬೆಳ್ಳಿ ಉಡದಾರ ತಗದಿಡ್ರಿ."

"ಉಡದಾರ ತಗಿಯೂದು ಸತ್ತಮ್ಯಾಗ!" ಸಿದರಾಯ ರೇಗಿದ.

"ನಿಮ್ಮವರೆಲ್ಲಾ ಹಂಗ ಅಂತಾರ. ಹಂಗಾರ ಕಲ್ಲಿನ ಮ್ಯಾಲ ಮಲಗಬ್ಯಾಡ್ರಿ."

ಬಾಗಿಲಿನಿಂದ ಗುರುಪುತ್ರಪ್ಪನವರ ದನಿ ಬಂತು. "ಮಲಗೋ ಸಿದರಾಯಾ."

ಮಲಗಿದ. ಬೆಳ್ಳಿ ಕಾಯಿತು. "ಅಯ್ಯಯ್ಯಪ್ಪಾ!" ಎಂದು ಸೊಂಟ ಹಿಡಿದುಕೊಂಡು ನೆಗೆದು ಬಾಗಿಲಿಗೆ ಬಂದುಬಿದ್ದ.

ಹೊರಗಿನ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಗುರುಪುತ್ರಪ್ಪನವರು ಮಾತಿಗೆ ತೊಡಗಿದರು.

"ಅವಧೂತ, ನೀವಿಬ್ಬರೂ ನಿಂತಿದ್ರಿ ಅಂದಿ. ನಿಂತಾವಗ ಬೆನ್ನ ಕಡೆ ಹಿಂಗ ಸುಡೂದಿಲ್ಲ. ಸತ್ಯಪ್ಪ ಆ ಕಲ್ಲಿನ ಮ್ಯಾಲ ಮಲಗಿದ್ದಾ. ಎಚ್ಚರ ಇದ್ದಾವ ಆದ್ರ ಸಿದರಾಯನಂಗ ನೆಗೀತಿದ್ದಾ. ಗುಳ್ಳಿ ಏಳೂತನಕ ಬಿದ್ದಿದ್ದಾ ಅಂದ್ರ ಅವಂಗ ಮೈಮ್ಯಾಲ ಖಬರಿರಲಿಲ್ಲ. ಖಬರಿಲ್ಲದಾವ ನಗಕೋತ ಹೆಂಗ ಓಡ್ಯಾನು?"

ಅವಧೂತ ಸಂಚಿಯನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡ.

"ಬಾಗಿಲದಾಗ ಬಾಯಿ ಮುಕ್ಕಳಿಸಿ ಹೋದಾವನ ತುಟಿ ಕೆಂಪ ಐತಿ. ಒಳಗ ಎಲಿ ಕೊಟ್ಟಾವ ಯಾರು? ನೀವಿಬ್ಬರೇ ಇದ್ರಿ ಅಂತ ನೀನ ಹೇಳೀದಿ. ಫೌಜದಾರ ಸಾಹೇಬ್ರ, ಆ ಸಂಚಿ ಬಿಚ್ಚಿ ನೋಡ್ರಿ."

ಸಂಚಿಯ ತಳದಲ್ಲಿ, ಎಲೆಯಲ್ಲಿ ಸುತ್ತಿಟ್ಟ ಅಫೀಮಿನ ಉಂಡೆ ಸಿಕ್ಕಿತು.

"ಎಲಿಯೊಳಗ ಅಫೀಮು ಇಟ್ಟು ಕೊಟ್ಟು ಖಬರ ತಪ್ಪಿಸಿದಿ. ತಣ್ಣೀರಿಗೆ ಜಿಗದು ಸತ್ತಾ ಅಂದ್ರ ಊರೆಲ್ಲಾ ನಂಬತದ, ಪಾಪ ಕಾಸಿಮಸಾಬನ ತಲಿಗೆ ಬರತದ ಅಂತ ಅವನನ್ನ ಎತ್ತಿ ನೀರಾಗ ಮುಳುಗಿಸಿದಿ."

ಅವಧೂತ ಕುಸಿದ. "ಕುಮುದಿನಿ ನನಗ ಅಂತ ತೊಟ್ಟಿಲದಾಗ ಮಾತು ಕೊಟ್ಟಿದ್ದಾ! ಈಗ ಬ್ಯಾರೇದವರಿಗೆ ಕೊಡಾಕ ಹೊಂಟಿದ್ದಾ!"

ಫೌಜದಾರ ಈ ಸಲ ಅವಧೂತನ ರಟ್ಟೆ ಹಿಡಿದ.

ಕೊಲೆಗಾರ ಸಿಕ್ಕರೂ ಜನರ ಅಂಜಿಕೆ ಹೋಗಲಿಲ್ಲ. ಕಾಸಿಮಸಾಬ ತೊಟ್ಟಿ ತಿಕ್ಕಿ ಹೊಸ ನೀರು ತುಂಬಿಸಿ ಕಾದ. ಜನ ಬೀದಿಯಲ್ಲೇ ನಿಂತು ಇಣುಕಿದರೇ ಹೊರತು ಒಬ್ಬರೂ ಹೊಸ್ತಿಲು ದಾಟಲಿಲ್ಲ. ಬಂದವನು ಸಿದರಾಯ ಒಬ್ಬನೇ, ಸೊಂಟಕ್ಕೆ ಬೆಣ್ಣೆ ಹಚ್ಚಿಕೊಂಡು. ಅಂದು ಅರ್ಧಕ್ಕೇ ಬಿಟ್ಟ ಸ್ನಾನ ಮುಗಿಸಬೇಕಿತ್ತು. ತಣ್ಣೀರಿನ ತೊಟ್ಟಿಯ ಅಂಚಿಗೆ ಬಂದು ನಿಂತ.

"ಮೊದಲ ಕಾಲು. ಸಾವಕಾಶ," ಎಂದು ಕಾಸಿಮಸಾಬ ಅವನ ಕೈ ಹಿಡಿದ.

ಸಿದರಾಯ ಇಳಿದ. ಕಿಟಾರನೆ ಕಿರುಚಿದ. ಬೀದಿಯ ಜನ ಹಿಂದೆ ಸರಿದರು.

"ಜೀವಂತ ಅದಾನೇನ್ರೀ?" ಹೊರಗಿನಿಂದ ಯಾರೋ ಕೂಗಿದರು.

"ಅದೀನ್ರೀ!" ಹಲ್ಲು ಕಟಕಟಿಸುತ್ತ ಸಿದರಾಯ ಕೂಗಿದ. "ಒಳಗ ಬರ್ರಿ!"

ಹೊಸ್ತಿಲ ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಕಾಸಿಮಸಾಬ ಕಣ್ಣೊರಸಿಕೊಂಡು ಇನ್ನೊಂದು ಲುಂಗಿ ತರಲು ಎದ್ದ.