ಮಳವಳ್ಳಿಗೆ ತಿರುಗುವ ಹಳಿ

“ಗೋದಾ, ಆ ಹಲಗೆ ಎತ್ತಿ ಒಳಗಿಡಮ್ಮ,” ಎಂದರು ತಿರುನಾರಾಯಣ ದೊಡ್ಡಪ್ಪ. ಮಂಡ್ಯದ ಬಸ್ಸಿಳಿದು ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತಿದ್ದರು.

“ಇರಲಿ ದೊಡ್ಡಪ್ಪ. ಅಣ್ಣ ಆಸ್ಪತ್ರೆಯಿಂದ ಬಂದ ತಕ್ಷಣ ರೈಲು ಓಡಿಸಬೇಕು. ಇವತ್ತು ಬರ್ತಾನೆ ತಾನೆ?”

ದೊಡ್ಡಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು.

“ಅನಂತರಾಮು ಬರಲ್ಲ ಕಣಮ್ಮ. ಬೆಳಿಗ್ಗೆ ಹೋಗಿಬಿಟ್ಟ.”

ಒಳಗೆ ಅಣ್ಣನಿಗೆಂದು ಗಂಜಿ ಬೇಯಿಸುತ್ತಿದ್ದ ಅಮ್ಮ ಬಾಗಿಲಿಗೆ ಬಂದಳು. ದೊಡ್ಡಪ್ಪನ ಮುಖ ನೋಡಿದಳು. ಹೊಸ್ತಿಲ ಮೇಲೆಯೇ ಕುಸಿದು ಕುಳಿತಳು.

ಗೋದಾ ಹಲಗೆಯನ್ನು ಎತ್ತಿ ಮಂಚದ ಕೆಳಗೆ ತಳ್ಳಿದಳು.

ಅದರ ಮೇಲೆ ಗುಂಡಗೆ ಆಟದ ರೈಲಿನ ಹಳಿ ಇತ್ತು. ಕೀ ಕೊಟ್ಟರೆ ಸಾಕು, ಪುಟ್ಟ ಇಂಜಿನ್ನು ಅದರ ಮೇಲೆ ಸುತ್ತುತ್ತಿತ್ತು. ಆದರೆ ಸುತ್ತುವುದಷ್ಟೆ, ಎಲ್ಲಿಗೂ ಹೋಗುತ್ತಿರಲಿಲ್ಲ.

ಮಳವಳ್ಳಿಯ ಆಚೆ ಪೂರಿಗಾಲಿಯ ಅಜ್ಜಿಯ ಮನೆಗೆ ಹೋಗುವಾಗಲೆಲ್ಲ ಗೋದಾಗೆ ಬಸ್ಸಿನಲ್ಲಿ ವಾಂತಿ. ತಮ್ಮೂರು ಮದ್ದೂರಿನಿಂದ ಮಳವಳ್ಳಿಯ ಕಡೆಗೆ ರೈಲು ಇರಲಿಲ್ಲ. “ಸರ್ಕಾರ ಹಾಕದಿದ್ರೆ ಹೋಗ್ಲಿ ಬಿಡು, ವಾಂತಿ ರಾಣಿ! ನಿನಗೆ ನಾನೇ ಒಂದು ಲೈನ್ ಹಾಕ್ತೀನಿ,” ಎಂದಿದ್ದ ಅಣ್ಣ.

ಗುಂಡು ಹಳಿಯಿಂದ ಮಳವಳ್ಳಿಯ ಕಡೆಗೆಂದು ಒಂದು ಕವಲು ಹಾಕಿದ. ರೈಲು ಆ ಕವಲಿಗೆ ತಿರುಗಬೇಕಾದರೆ ಹಳಿ ಸರಿಸುವ ಪಾಯಿಂಟು ಬೇಕು. ಅದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬಿಸ್ಕತ್ತಿನ ಡಬ್ಬಿ ಕತ್ತರಿಸಿ, ತಗಡನ್ನು ಉದ್ದುದ್ದ ಮಡಿಸಿ, ಅರದಿಂದ ಉಜ್ಜಿ ಉಜ್ಜಿ, ಬೆಸುಗೆ ಹಾಕಿ ಅಣ್ಣನೇ ಅದನ್ನು ಮಾಡಿದ. ಅದಕ್ಕೆ ಸಿಕ್ಕಿಸಿದ ಸೈಕಲ್ ಕಡ್ಡಿಯನ್ನು ಎಳೆದರೆ ಎರಡು ಚೂಪು ಹಳಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಅಷ್ಟರಲ್ಲಿ ಅವನಿಗೆ ಕಾಮಾಲೆ ಬಂತು.

“ನಾನು ಬರೋವರೆಗೂ ಕೀ ಕೊಡಬೇಡ,” ಎಂದು ಹೇಳಿ ಹೋಗಿದ್ದ.

ಸೂತಕ ಕಳೆಯಿತು. ನೆಂಟರೆಲ್ಲ ಹೊರಟುಹೋದರು. ಅಪ್ಪ ಆಫೀಸಿಗೆ ಹೋಗತೊಡಗಿದರು. ಅಮ್ಮ ಮಾತ್ರ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. “ಎಲ್ಲಾ ಅರ್ಧಕ್ಕೇ ಬಿಟ್ಟು ಹೋದ,” ಎನ್ನುತ್ತಿದ್ದಳು. ಅದೊಂದೇ ಮಾತು.

ಗೋದಾ ಹಲಗೆಯನ್ನು ಹೊರಗೆಳೆದಳು. ಪಾಯಿಂಟನ್ನು ಹತ್ತಿರದಿಂದ ನೋಡಿದಳು. ಎರಡು ಹಳಿಗಳು ಒಂದನ್ನೊಂದು ದಾಟುವ ಕಡೆ ಸಣ್ಣದೊಂದು ಸಂದು ಉಳಿದಿತ್ತು. ಹೌದು, ಅಮ್ಮ ಹೇಳಿದ್ದು ನಿಜ. ಅಣ್ಣ ಇದನ್ನೂ ಮುಗಿಸಿರಲಿಲ್ಲ.

‘ನಾನು ಮುಗಿಸ್ತೀನಿ. ಒಂದೇ ಒಂದು ಸಲ ರೈಲು ಮಳವಳ್ಳಿಗೆ ಹೋಗಲಿ,’ ಎಂದುಕೊಂಡಳು.

ಅವಳ ಕ್ಲಾಸಿನ ಕಬೀರನ ತಂದೆ ನಜೀರ್ ಅಹ್ಮದ್ ಪೇಟೆಯಲ್ಲಿ ಸ್ಟವ್ ರಿಪೇರಿ ಮಾಡುತ್ತಿದ್ದರು. ಗೋದಾ ಪಾಯಿಂಟನ್ನು ಅವರ ಮುಂದೆ ಇಟ್ಟಳು.

“ಈ ಸಂದು ಮುಚ್ಚಿಕೊಡಿ ಸಾಬರೇ. ನಮ್ಮಣ್ಣ ಮುಗಿಸಲಿಲ್ಲ.”

ನಜೀರ್ ಅಹ್ಮದ್ ಕಣ್ಣೊರೆಸಿಕೊಂಡರು. “ಎಂಥಾ ಕೈ ಕೆಲ್ಸ ಬೇಟಿ! ಪಾಪ, ಅಷ್ಟರಲ್ಲಿ...” ಬೆಸುಗೆ ಹಾಕಿ ಸಂದನ್ನು ನುಣ್ಣಗೆ ಮುಚ್ಚಿಕೊಟ್ಟರು.

ಕಬೀರನ ಜೊತೆ ಮನೆಗೆ ಬಂದು, ಪಾಯಿಂಟನ್ನು ಹಳಿಗೆ ಜೋಡಿಸಿ, ಗೋದಾ ಇಂಜಿನ್ನಿಗೆ ಕೀ ಕೊಟ್ಟಳು. ಕಬೀರ ಸೈಕಲ್ ಕಡ್ಡಿ ಎಳೆದ. ಇಂಜಿನ್ನು ಸರಸರ ಬಂತು, ಕವಲಿಗೆ ತಿರುಗಿತು. ಬೆಸುಗೆಯ ಹತ್ತಿರ ಎಗರಿ, ಮಗುಚಿ ಬಿತ್ತು.

ಮತ್ತೆ ಕೀ ಕೊಟ್ಟಳು. ಮತ್ತೆ ಅಲ್ಲೇ ಬಿತ್ತು.

“ನಿಮ್ಮಣ್ಣಂಗೆ ಮಾಡಕ್ಕೆ ಬಂದಿಲ್ಲ ಕಣೆ. ಬುಟ್ಬುಡು,” ಎಂದ ಕಬೀರ.

ಗೋದಾ ಅವನನ್ನು ನೂಕಿಬಿಟ್ಟಳು. “ನಿಮ್ಮಪ್ಪಂಗೇ ಬರಲ್ಲ! ಹೋಗೋ!”

ಕಬೀರ ಹೋಗಲಿಲ್ಲ. ಮೊಣಕೈ ಉಜ್ಜಿಕೊಳ್ಳುತ್ತಾ ನಿಂತ. “ನಂಗ್ಯಾಕ್ ಬೈತೀಯಾ? ಬಾ, ಟೇಸನ್ನಾಗೆ ನಿಜವಾದ್ದು ಹೆಂಗದೆ ನೋಡವ.”

ಸ್ಟೇಷನ್ನಿನ ಬೇಲಿಯ ಪಕ್ಕದಲ್ಲೇ ಹಳಿ ಕವಲೊಡೆದಿತ್ತು. ಗೂಡ್ಸ್ ಗಾಡಿಯೊಂದು ಮೆಲ್ಲಗೆ ಹಿಂದಕ್ಕೆ ಬರುತ್ತಿತ್ತು.

“ಏಯ್, ಅತ್ಲಾಗ್ ಸರೀರ್ಲಾ! ಬೇಲಿ ದಾಟಿದ್ರೆ ಕಾಲ್ ಮುರಿತೀನಿ!” ಎಂದು ಹಸಿರು ಬಾವುಟ ಹಿಡಿದವನೊಬ್ಬ ಕೂಗಿದ.

ಗೋದಾ ಬೇಲಿಯ ಕಂಬ ಹಿಡಿದು ಬಗ್ಗಿ ನೋಡಿದಳು. ಎರಡು ಹಳಿಗಳು ದಾಟುವ ಕಡೆ ಅಲ್ಲಿಯೂ ಸಂದಿತ್ತು. ಗಾಲಿಗಳ ಒಳಬದಿಯಲ್ಲಿ ಅಂಚೊಂದು ಕೆಳಗೆ ಇಳಿದಿತ್ತು. ಆ ಅಂಚು ಸಂದಿನೊಳಗಿಂದ ನುಸುಳಿ ಹೋಯಿತು. ಇನ್ನೊಂದು ಗಾಲಿ ಬಂತು. ಅದೂ ಹಾಗೆಯೇ ಹೋಯಿತು.

ಅವಳು ಕಂಬ ಬಿಟ್ಟು ಕಬೀರನ ಕಡೆ ತಿರುಗಿದಳು.

“ಕಬೀರಾ, ಆ ಸಂದು ಗಾಲಿಗೆ ದಾರಿ ಕಣೋ. ಅಣ್ಣ ಬೇಕು ಅಂತಲೇ ಬಿಟ್ಟಿದ್ದ. ನಾನು ಮುಚ್ಚಿಸಿಬಿಟ್ಟೆ.”

“ನಮ್ಮ ಅಬ್ಬಾ ತೆಗೀತಾರೆ, ಬಾ!”

ಇಬ್ಬರೂ ಓಡಿದರು. ನಜೀರ್ ಅಹ್ಮದ್ ಬೆಸುಗೆಯನ್ನು ಮೆಲ್ಲಗೆ ಕಾಯಿಸಿದರು. ಅದು ಕರಗಿತು. ಅದರ ಜೊತೆಗೆ ಪಕ್ಕದಲ್ಲಿ ಅಣ್ಣ ಹಾಕಿದ್ದ ಬೆಸುಗೆಗಳೂ ಒಂದೊಂದಾಗಿ ಬಿಟ್ಟುಕೊಂಡವು. ತೆಳ್ಳನೆಯ ತಗಡು ಸುರುಳಿ ಸುತ್ತಿತು. ನೋಡುತ್ತಿದ್ದಂತೆ ಪಾಯಿಂಟು ಚೂರು ಚೂರಾಯಿತು.

“ಯಾ ಅಲ್ಲಾ,” ಎಂದು ಅವರು ಕಾದ ಬೆಸುಗೆ ಸಲಾಕೆಯನ್ನು ಪಕ್ಕಕ್ಕೆ ಸರಿಸಿದರು. “ಬೇಟಿ, ಇದನ್ನ ಮತ್ತೆ ಜೋಡಿಸೋಕೆ ನನ್ನ ಕೈಲಿ ಆಗಲ್ಲ.”

ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಗೋದಾ ಮನೆಗೆ ಬಂದಳು. ಅಮ್ಮನ ಮುಂದೆ ಗಂಟನ್ನು ಬಿಚ್ಚಿದಳು.

“ಅಮ್ಮಾ, ನಾನು ಹಾಳು ಮಾಡಿಬಿಟ್ಟೆ. ಅಣ್ಣ ಇದನ್ನ ಪೂರ್ತಿ ಮುಗಿಸಿದ್ದ. ನನಗೇ ಗೊತ್ತಾಗಲಿಲ್ಲ.”

ಅಮ್ಮ ಬೈಯಲಿಲ್ಲ. ಒಂದು ಚೂರನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು.

“ಮುಗಿಸಿದ್ದನೇನೇ?”

“ಹೂಂ.”

“ಹೇಗೆ? ನನಗೂ ಹೇಳು.”

ಗೋದಾ ಎರಡು ಚೂರುಗಳನ್ನು ನೆಲದ ಮೇಲೆ ಇಟ್ಟಳು. ನಡುವೆ ಸಣ್ಣ ಸಂದು ಬಿಟ್ಟಳು. “ಗಾಲಿ ಹೀಗೆ ಬರತ್ತೆ, ಇಲ್ಲಿ ದಾಟತ್ತೆ,” ಎಂದು ಬೆರಳನ್ನು ಅದರೊಳಗಿಂದ ಎಳೆದು ತೋರಿಸಿದಳು. ಅಮ್ಮನೂ ತನ್ನ ಬೆರಳನ್ನು ಅಲ್ಲಿಟ್ಟು ಒಮ್ಮೆ ಎಳೆದಳು. ಆಮೇಲೆ ಗೋದಾಳನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗೋದಾಳೂ ಅತ್ತಳು.

ಕತ್ತಲಾಯಿತು. ಅಮ್ಮ ಎದ್ದು ಮುಖ ತೊಳೆದು ದೇವರಿಗೆ ದೀಪ ಹಚ್ಚಿದಳು. ಗೋದಾ ಪಕ್ಕದಲ್ಲಿ ಕೈಮುಗಿದು ನಿಂತಳು.

“ನರಸಿಂಹಸ್ವಾಮಿ, ನಮ್ಮಣ್ಣ ಶ್ರದ್ಧೆಯಿಂದ ಕೆಲಸ ಪೂರ್ತಿ ಮುಗಿಸಿ ಬಂದಿದ್ದಾನೆ. ದಣಿದಿದ್ದಾನೆ. ನಿನ್ನ ಪಾದದ ಹತ್ತಿರ ಅವನಿಗೆ ಜಾಗ ಕೊಡು. ಅವನು ನೆಮ್ಮದಿಯಾಗಿರಲಿ.”